ಅಣುಶಕ್ತಿಯ ಒಳಿತು ಕೆಡುಕುಗಳನ್ನು ತೂಗುವ ಬಗೆ: ಮುಂಬಯಿ ಕನ್ನಡಿಗರಿಗೊಂದು ಕೈಪಿಡಿ

ಮುಂಬಯಿಯ ಕನ್ನಡ ಸಂಘಗಳಲ್ಲಿ ಅಣುಶಕ್ತಿಯ ಮಾತು ಬಂದರೆ ಸಭೆ ಬೇಗನೆ ಎರಡು ಪಂಗಡವಾಗುತ್ತದೆ. ಚೆಂಬೂರು, ಮಾನ್‌ಖುರ್ದ್ ಕಡೆಯಿಂದ ಬಂದವರಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ದುಡಿದು ನಿವೃತ್ತರಾದವರೋ ಅವರ ಮಕ್ಕಳೋ ಇರುತ್ತಾರೆ. ಕಾರವಾರ, ಅಂಕೋಲಾ, ಯಲ್ಲಾಪುರದ ಕಡೆ ಊರುಮನೆ ಇರುವವರಿಗೆ ಅಣು ವಿದ್ಯುತ್ ಸ್ಥಾವರವಿರುವ ಕೈಗಾ ಎಂಬ ಹೆಸರು ಕೇಳಿದೊಡನೆ ಕಾಡು, ಅಣೆಕಟ್ಟು ಮತ್ತು ಹಳೆಯ ಹೋರಾಟಗಳು ನೆನಪಾಗುತ್ತವೆ. ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಇಬ್ಬರೂ ಒಂದೇ ವಿಷಯದ ಬಗ್ಗೆ ಮಾತನಾಡುತ್ತಿರುವುದಿಲ್ಲ. ಸಂಘದ ವಿಚಾರಗೋಷ್ಠಿಯಲ್ಲಿ ಮಾತನಾಡಬೇಕಾದವರಿಗೆ, ಮಕ್ಕಳ ಶಾಲಾ ಪ್ರಾಜೆಕ್ಟಿಗೆ ನೆರವಾಗುವ ತಂದೆತಾಯಂದಿರಿಗೆ, ಮತ್ತು ಪತ್ರಿಕೆಯಲ್ಲಿ ಬಂದ ಅಂಕಿ ಅಂಶವನ್ನು ನಂಬಬೇಕೋ ಬಿಡಬೇಕೋ ತಿಳಿಯದೆ ಕುಳಿತವರಿಗೆ ಈ ವಿಷಯವನ್ನು ಹೇಗೆ ತೂಗಿ ನೋಡಬಹುದು ಎಂದು ಇಲ್ಲಿ ವಿವರಿಸಿದ್ದೇನೆ.

ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳಿ

ಅಣುಶಕ್ತಿ ಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಹಾಗೆಯೇ ಕೈಗೆತ್ತಿಕೊಳ್ಳಬೇಡಿ. ಪರೇಲಿನ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ಥೈರಾಯ್ಡ್ ರೋಗಿಗೆ ಕೊಡುವ ಅಯೋಡಿನ್, ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿಯ ಮೇಲೆ ಹಾಯಿಸುವ ಗಾಮಾ ಕಿರಣ, ತಾರಾಪುರದಲ್ಲಿ ಉತ್ಪಾದನೆಯಾಗುವ ವಿದ್ಯುತ್ತು, ಮತ್ತು ಪೋಖ್ರಾನಿನಲ್ಲಿ ಸಿಡಿದ ಬಾಂಬು, ಇವೆಲ್ಲ ಒಂದೇ ವಿಜ್ಞಾನದಿಂದ ಹುಟ್ಟಿದರೂ ಲಾಭ ನಷ್ಟಗಳ ಲೆಕ್ಕದಲ್ಲಿ ಬೇರೆ ಬೇರೆ ಖಾತೆಗಳು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ: ಕೆಲಸ ಯಾವುದು, ಅದು ನಡೆಯುವ ಜಾಗ ಯಾವುದು, ಲಾಭ ಯಾರಿಗೆ ಸೇರಿ ನಷ್ಟ ಯಾರ ಪಾಲಿಗೆ ಬರುತ್ತದೆ. ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ.

ಬಾಂಬಿನ ಮಾತನ್ನು ವಿಷಯಾಂತರವೆಂದು ತಳ್ಳಿಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಕೆನಡಾದ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ಸೈರಸ್ ರಿಯಾಕ್ಟರ್ (ಅಣುಗಳನ್ನು ಹತೋಟಿಯಲ್ಲಿ ಒಡೆಯುವ ಯಂತ್ರ) ಶಾಂತಿಯುತ ಬಳಕೆಗೆಂದು ಬಂದದ್ದು, ಆದರೆ 1974ರ ಪೋಖ್ರಾನ್ ಸ್ಫೋಟಕ್ಕೆ ಬೇಕಾದ ಪ್ಲುಟೋನಿಯಂ ಅದರಿಂದಲೇ ಬಂತು. ಅದರ ಫಲವಾಗಿ ತಾರಾಪುರಕ್ಕೆ ಬರುತ್ತಿದ್ದ ಅಮೆರಿಕದ ಇಂಧನಕ್ಕೂ ಮುಂದೆ ಕುತ್ತು ಬಂತು. ನಾಗರಿಕ ಬಳಕೆ ಮತ್ತು ಸೈನಿಕ ಬಳಕೆಯ ನಡುವಿನ ಗೋಡೆ ತೆಳುವಾಗಿದೆ ಎಂಬುದು ಈ ತಂತ್ರಜ್ಞಾನದ ನಿಜವಾದ ದೋಷಗಳಲ್ಲಿ ಒಂದು.

ಇನ್ನೊಂದು ಎಚ್ಚರಿಕೆ ಅಭಿಮಾನದ ಕುರಿತು. ಏಷ್ಯಾದ ಮೊದಲ ರಿಯಾಕ್ಟರ್ ಆದ ಅಪ್ಸರಾ 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಚಾಲನೆಗೊಂಡಿತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಮುಂದೆ ಅಲ್ಲಿನ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ನಮ್ಮವರೆಂದು ಹೆಮ್ಮೆಪಡುವುದು ಸಹಜ, ಆದರೆ ಹೆಮ್ಮೆಯನ್ನು ವಾದದ ಜಾಗದಲ್ಲಿ ಇಡಲಾಗದು.

ಮೆಗಾವ್ಯಾಟ್ ಬಿಟ್ಟು ಯೂನಿಟ್ಟಿನಲ್ಲಿ ಲೆಕ್ಕ ಹಾಕಿ

ಸುದ್ದಿಗಳಲ್ಲಿ ಬರುವ ಸಂಖ್ಯೆಗಳು ಸಾಮಾನ್ಯವಾಗಿ ಮೆಗಾವ್ಯಾಟ್‌ನಲ್ಲಿರುತ್ತವೆ. ಅದು ಯಂತ್ರದ ಸಾಮರ್ಥ್ಯವೇ ಹೊರತು ಅದು ವರ್ಷದಲ್ಲಿ ಕೊಡುವ ವಿದ್ಯುತ್ತಲ್ಲ. ನಿಮ್ಮ ಮನೆಯ ಬಿಲ್ಲಿನಲ್ಲಿ ಕಾಣುವ ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ, ಹೋಲಿಕೆಗೆ ಬೇಕಾದದ್ದು ಅದು. 1000 ಮೆಗಾವ್ಯಾಟಿನ ಅಣು ಸ್ಥಾವರ ವರ್ಷದ 8760 ಗಂಟೆಗಳಲ್ಲಿ ಶೇಕಡಾ 80ರ ಸರಾಸರಿಯಲ್ಲಿ ನಡೆದರೆ ಸುಮಾರು 700 ಕೋಟಿ ಯೂನಿಟ್ ಸಿಗುತ್ತದೆ. ಅಷ್ಟೇ ಸಾಮರ್ಥ್ಯದ ಸೌರ ಘಟಕಕ್ಕೆ ರಾತ್ರಿಯೂ ಮೋಡವೂ ಅಡ್ಡ ಬರುವುದರಿಂದ ಶೇಕಡಾ 20 ಎಂದು ಹಿಡಿದರೆ 175 ಕೋಟಿ ಯೂನಿಟ್ ಆಗುತ್ತದೆ. ಹೀಗೆ ಸಾಮರ್ಥ್ಯ ಒಂದೇ ಆದರೂ ಸಿಗುವ ವಿದ್ಯುತ್ತಿನಲ್ಲಿ ನಾಲ್ಕು ಪಟ್ಟು ಅಂತರವಿರುತ್ತದೆ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಗಳಿಗೆ ಹಂಚಿದರೆ ಮೊದಲನೆಯದು ಸುಮಾರು 29 ಲಕ್ಷ ಮನೆಗಳಿಗೆ ಸಾಕಾಗುತ್ತದೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಸಿದ್ಧ ಕೋಷ್ಟಕವನ್ನು ನಕಲು ಮಾಡುವುದಕ್ಕಿಂತ ಇದು ಮೇಲು.

ಇಂಧನದ ಸಾಂದ್ರತೆಯನ್ನೂ ಹೀಗೆಯೇ ಕಣ್ಣಿಗೆ ಕಾಣುವ ಅಳತೆಗೆ ತನ್ನಿ. ಕೈಗಾದಂಥ 220 ಮೆಗಾವ್ಯಾಟಿನ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರಿನಲ್ಲಿ ಬಳಸುವ ಇಂಧನದ ಕಟ್ಟು ಸುಮಾರು ಅರ್ಧ ಮೀಟರ್ ಉದ್ದವಿದ್ದು, ಜಿರ್ಕೋನಿಯಂ ಮಿಶ್ರಲೋಹದ 19 ತೆಳು ಕೊಳವೆಗಳನ್ನು ಅದರಲ್ಲಿ ಒಟ್ಟಿಗೆ ಜೋಡಿಸಿರುತ್ತಾರೆ. ಕೊಳವೆಗಳ ಒಳಗೆ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳು. ಒಬ್ಬ ಮನುಷ್ಯ ಎರಡು ಕೈಯಿಂದ ಎತ್ತಬಹುದಾದಷ್ಟೇ ಭಾರ, 17 ಕಿಲೋ ಒಳಗೆ. ಬಳಕೆಗೆ ಮೊದಲು ಅದನ್ನು ಕೈಗವಸು ಹಾಕಿ ಹಿಡಿಯಬಹುದು. ರಿಯಾಕ್ಟರಿನಿಂದ ಹೊರಬಂದ ಮೇಲೆ ಅದೇ ಕಟ್ಟಿನ ಬಳಿ ರಕ್ಷಣೆಯಿಲ್ಲದೆ ನಿಂತವರು ಬದುಕುವುದಿಲ್ಲ, ಹಾಗಾಗಿ ಯಂತ್ರವೇ ಅದನ್ನು ಆಳವಾದ ನೀರಿನ ಕೊಳಕ್ಕೆ ಸಾಗಿಸುತ್ತದೆ. ಇಂಥ ಒಂದು ಕಟ್ಟು ತನ್ನ ಅವಧಿಯಲ್ಲಿ ಆರು ಲಕ್ಷ ಯೂನಿಟ್ಟಿನ ಆಸುಪಾಸು ವಿದ್ಯುತ್ತು ಕೊಡುತ್ತದೆ, ಎಂದರೆ ಸುಮಾರು 250 ಮನೆಗಳ ಒಂದು ವರ್ಷದ ಬಳಕೆ. ಅಣುಶಕ್ತಿಯ ದೊಡ್ಡ ಲಾಭವೂ ದೊಡ್ಡ ತೊಂದರೆಯೂ ಈ ಒಂದೇ ಕಟ್ಟಿನಲ್ಲಿವೆ.

ವಿದ್ಯುತ್ತಿಗೆ ಸಂಬಂಧಿಸದ ಬಳಕೆಗಳನ್ನು ಮರೆಯಬೇಡಿ

ಗೋಷ್ಠಿಗಳಲ್ಲಿ ಈ ಭಾಗಕ್ಕೆ ಕೊನೆಯ ಐದು ನಿಮಿಷ ಸಿಗುತ್ತದೆ. ಜನರ ಬದುಕಿಗೆ ಅತಿ ಹತ್ತಿರವಾದದ್ದು ಇದೇ ಆಗಿರುವಾಗ ಅದು ಅನ್ಯಾಯ.

ಮುಂಬಯಿ ಕನ್ನಡಿಗರ ಎಷ್ಟೋ ಕುಟುಂಬಗಳಿಗೆ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಓಡಾಟ ಗೊತ್ತು. ಊರಿನಿಂದ ಬಂದ ರೋಗಿಯನ್ನು ಮನೆಯಲ್ಲಿ ಉಳಿಸಿಕೊಂಡು ಬೆಳಿಗ್ಗೆ ಬೇಗ ಸರತಿಗೆ ಕರೆದೊಯ್ದವರು ಬಹಳ. ಎಲುಬಿನ ಸ್ಕ್ಯಾನ್ ಮಾಡುವಾಗ ಚುಚ್ಚುವ ಟೆಕ್ನೀಷಿಯಂನ ಅರ್ಧಾಯುಷ್ಯ ಆರು ಗಂಟೆ, ಅಂದರೆ ಪ್ರತಿ ಆರು ಗಂಟೆಗೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಹತ್ತು ಅರ್ಧಾಯುಷ್ಯ ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ ಎಂಬ ಸೂತ್ರ ನೆನಪಿಟ್ಟುಕೊಳ್ಳಿ, ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಟೆಕ್ನೀಷಿಯಂಗೆ ಅದು ಎರಡೂವರೆ ದಿನ. ಅಯೋಡಿನ್ 131ರ ಅರ್ಧಾಯುಷ್ಯ ಎಂಟು ದಿನವಾದ್ದರಿಂದ ಥೈರಾಯ್ಡ್ ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಅದನ್ನು ಪಡೆದ ರೋಗಿಯನ್ನು ಕೆಲವು ದಿನ ಪ್ರತ್ಯೇಕ ವಾರ್ಡಿನಲ್ಲಿ ಇರಿಸುತ್ತಾರೆ. ಮನೆಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳಿಂದ ದೂರವಿರಬೇಕು. ಒಂದೇ ಕೋಣೆಯ ಚಾಳಿನಲ್ಲಿ ಇದನ್ನು ಪಾಲಿಸುವುದು ಕಷ್ಟ, ಆದ್ದರಿಂದ ದಾಖಲಾಗುವ ಮೊದಲೇ ಮಲಗುವ ವ್ಯವಸ್ಥೆಯನ್ನು ವೈದ್ಯರೊಡನೆ ಮಾತನಾಡಿ ತೀರ್ಮಾನಿಸಿಕೊಳ್ಳಿ.

ಕೃಷಿಯಲ್ಲಿನ ಬಳಕೆ ನಮ್ಮ ಉತ್ತರ ಕರ್ನಾಟಕದ ರೈತರಿಗೆ ಹೆಸರಿನಿಂದಲೇ ಪರಿಚಿತ. ಟಿಎಜಿ 24 ಎಂಬ ಶೇಂಗಾ ತಳಿಯ ಹೆಸರಿನ ಮೊದಲ ಅಕ್ಷರ ಟ್ರಾಂಬೆಯನ್ನು ಸೂಚಿಸುತ್ತದೆ. ಬೀಜಗಳಿಗೆ ವಿಕಿರಣ ಹಾಯಿಸಿ, ಹುಟ್ಟಿದ ಮಾರ್ಪಾಡುಗಳಲ್ಲಿ ಉಪಯುಕ್ತವಾದವನ್ನು ತಲೆಮಾರುಗಳ ಕಾಲ ಆರಿಸಿ, ಬೇರೆ ತಳಿಗಳೊಡನೆ ಕೂಡಿಸಿ ಇಂಥ ತಳಿಗಳನ್ನು ಬೆಳೆಸಿದ್ದಾರೆ; ಶೇಂಗಾದಲ್ಲಿ ವಿಕಿರಣ ಉಳಿದಿರುವುದಿಲ್ಲ. ಲಾಸಲ್‌ಗಾಂವ್‌ನ ಘಟಕದಲ್ಲಿ ಕೋಬಾಲ್ಟ್ 60ರ ಗಾಮಾ ಕಿರಣ ಈರುಳ್ಳಿ ಮೊಳೆಯುವುದನ್ನು ತಡೆಯುತ್ತದೆ, ಮಾವಿನ ಹಣ್ಣಿನೊಳಗಿನ ಕೀಟವನ್ನು ನಿಷ್ಫಲಗೊಳಿಸುತ್ತದೆ. 2007ರಲ್ಲಿ ಅಮೆರಿಕಕ್ಕೆ ಭಾರತದ ಮಾವು ಮತ್ತೆ ಹೋಗಲು ಸಾಧ್ಯವಾದದ್ದು ಈ ಸಂಸ್ಕರಣೆಯಿಂದ. ಇಂಥ ಪೊಟ್ಟಣಗಳ ಮೇಲೆ ಹಸಿರು ವರ್ತುಲದೊಳಗೆ ಎರಡು ಎಲೆ, ಮೇಲೊಂದು ಚುಕ್ಕೆ ಇರುವ ಗುರುತು ಇರುತ್ತದೆ, ವರ್ತುಲದ ಮೇಲರ್ಧ ತುಂಡು ತುಂಡಾಗಿರುತ್ತದೆ. ಆದರೆ ಈ ಉಪಾಯಕ್ಕೂ ಮಿತಿಯಿದೆ: ಮೊಳೆಯದ ಈರುಳ್ಳಿಯೂ ತೇವ ತಗುಲಿದರೆ ಕೊಳೆಯುತ್ತದೆ, ಆದ್ದರಿಂದ ಒಳ್ಳೆಯ ಉಗ್ರಾಣವಿಲ್ಲದೆ ಕಿರಣವೊಂದರಿಂದಲೇ ಏನೂ ಆಗದು.

ಈ ಬಳಕೆಗಳ ನಿಜವಾದ ಅಪಾಯ ಮೂಲವಸ್ತುವಿನ ಲೆಕ್ಕ ತಪ್ಪುವುದರಲ್ಲಿದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಹಳೆಯ ಯಂತ್ರವೊಂದರ ಜೊತೆ ಕೋಬಾಲ್ಟ್ 60 ಹೋಗಿ, ಅದನ್ನು ಬಿಚ್ಚಿದವರು ವಿಕಿರಣದಿಂದ ಬಳಲಿ ಒಬ್ಬರು ಸತ್ತರು. ಗುಜರಿ ವ್ಯಾಪಾರದಲ್ಲಿರುವವರು ಮೂರು ಎಸಳಿನ ವಿಕಿರಣ ಚಿಹ್ನೆ ಇರುವ, ಗಾತ್ರಕ್ಕೆ ಮೀರಿ ಭಾರವಾದ ಸೀಸದ ಪೆಟ್ಟಿಗೆ ಕಂಡರೆ ಮುಟ್ಟದೆ, ಬಿಚ್ಚದೆ, ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಹಾಗೆಯೇ ನೀವು ಹೋಗುವ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಕೇಂದ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚವೇನೂ ಬೇಡ.

ವಿದ್ಯುತ್ತಿನ ಲಾಭ ಎಷ್ಟು, ಯಾವಾಗ

ಹೊಗೆಯ ಲೆಕ್ಕದಲ್ಲಿ ಅಣುಶಕ್ತಿ ನಿಸ್ಸಂಶಯವಾಗಿ ಮುಂದಿದೆ. ಗಣಿಯಿಂದ ಹಿಡಿದು ಸ್ಥಾವರವನ್ನು ಕಳಚುವವರೆಗೆ ಎಲ್ಲವನ್ನೂ ಸೇರಿಸಿದ ಅಂತಾರಾಷ್ಟ್ರೀಯ ಹವಾಮಾನ ಸಮಿತಿಯ 2014ರ ಅಂದಾಜಿನಲ್ಲಿ ಒಂದು ಯೂನಿಟ್ಟಿಗೆ ಅಣು ವಿದ್ಯುತ್ತಿನಿಂದ 12 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ, ಕಲ್ಲಿದ್ದಲಿನಿಂದ 820 ಗ್ರಾಂ. ಟ್ರಾಂಬೆಯಲ್ಲಿ ರಿಯಾಕ್ಟರುಗಳಿಗೆ ನೆರೆಯಾಗಿಯೇ ಉಷ್ಣ ವಿದ್ಯುತ್ ಕೇಂದ್ರದ ಚಿಮಣಿಗಳೂ ನಿಂತಿರುವುದರಿಂದ ಚೆಂಬೂರಿನವರಿಗೆ ಈ ಹೋಲಿಕೆ ಬರಿಯ ಕಾಗದದ ಮೇಲಿನದಲ್ಲ.

ಸ್ಥಿರತೆಯೂ ದೊಡ್ಡ ಲಾಭ. ಕೈಗಾದ ಒಂದನೆಯ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆಯನ್ನು ಮುರಿಯಿತು. ಭಾರಜಲ ರಿಯಾಕ್ಟರುಗಳಲ್ಲಿ ಯಂತ್ರ ನಡೆಯುತ್ತಿರುವಾಗಲೇ ಇಂಧನದ ಕಟ್ಟುಗಳನ್ನು ಬದಲಿಸಬಹುದಾದ್ದರಿಂದ ಇದು ಸಾಧ್ಯವಾಯಿತು.

ಇಷ್ಟಾದರೂ ದೇಶದ ಒಟ್ಟು ವಿದ್ಯುತ್ತಿನಲ್ಲಿ ಅಣುಶಕ್ತಿಯ ಪಾಲು ಶೇಕಡಾ 3ರ ಆಸುಪಾಸಿನಲ್ಲೇ ಉಳಿದಿದೆ. ತಾರಾಪುರದ ಮೊದಲ ಎರಡು ಘಟಕಗಳು ಆರಂಭವಾದದ್ದು 1969ರಲ್ಲಿ ಎಂಬುದನ್ನು ಗಮನಿಸಿದರೆ ಇದು ನಿಧಾನದ ಬೆಳವಣಿಗೆ. ಯಾರಾದರೂ ಮುಂದಿನ ಗುರಿಯ ಸಂಖ್ಯೆ ಹೇಳಿದಾಗ ಹಿಂದಿನ ಗುರಿಗಳು ಏನಾದವು ಎಂದು ಕೇಳುವುದು ನ್ಯಾಯ. ಕಲ್ಪಾಕ್ಕಂನ 500 ಮೆಗಾವ್ಯಾಟಿನ ಫಾಸ್ಟ್ ಬ್ರೀಡರ್ (ಬಳಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ) ರಿಯಾಕ್ಟರಿನ ಕಾಮಗಾರಿ 2004ರಲ್ಲಿ ಶುರುವಾಗಿ, ಇಪ್ಪತ್ತು ವರ್ಷ ಕಳೆದ 2024ರಲ್ಲೂ ಅದರಿಂದ ವಿದ್ಯುತ್ತು ಬಂದಿರಲಿಲ್ಲ. ರತ್ನಾಗಿರಿ ಜಿಲ್ಲೆಯ ಜೈತಾಪುರಕ್ಕೆ ಪ್ರಸ್ತಾಪಿಸಿರುವ ಫ್ರೆಂಚ್ ಮಾದರಿಯ ರಿಯಾಕ್ಟರ್ ಫ್ರಾನ್ಸಿನ ಫ್ಲಮಾನ್‌ವಿಲ್‌ನಲ್ಲಿ 2007ರಲ್ಲಿ ಆರಂಭವಾಗಿ 2012ಕ್ಕೆ ಮುಗಿಯಬೇಕಿತ್ತು, ವಿದ್ಯುತ್ ಜಾಲಕ್ಕೆ ಸೇರಿದ್ದು 2024ರ ಡಿಸೆಂಬರಿನಲ್ಲಿ. ವೆಚ್ಚದ ಅಂದಾಜು 330 ಕೋಟಿ ಯೂರೋದಿಂದ 1300 ಕೋಟಿ ದಾಟಿತು. ತಡವಾದಷ್ಟೂ ಸಾಲದ ಬಡ್ಡಿ ಯೂನಿಟ್ಟಿನ ದರಕ್ಕೆ ಸೇರುತ್ತದೆ. ಅಣು ವಿದ್ಯುತ್ತು ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆಗೆ ಹೀಗಾಗಿ ಎರಡು ಉತ್ತರಗಳಿವೆ: ಸಾಲ ತೀರಿದ ಹಳೆಯ ಸ್ಥಾವರದ್ದು ಅಗ್ಗ, ಇನ್ನೂ ಕಟ್ಟಬೇಕಾದ ಭಾರೀ ಸ್ಥಾವರದ್ದು ಅಗ್ಗವೆಂದು ಯಾರೂ ಮುಂಚಿತವಾಗಿ ಹೇಳಲಾರರು. ಚೆನ್ನಾಗಿ ನಡೆಯುತ್ತಿರುವ ಸ್ವದೇಶಿ ಘಟಕಗಳನ್ನು ಮುಚ್ಚುವ ವಾದವನ್ನು ನಾನು ಒಪ್ಪುವುದಿಲ್ಲ, ಆದರೆ ಜೈತಾಪುರದ 10380 ಮೆಗಾವ್ಯಾಟಿನ ಯೋಜನೆಯನ್ನು ಬರಿಯ ಭರವಸೆಯ ಮೇಲೆ ನಂಬಲೂ ಕಾರಣ ಕಾಣುವುದಿಲ್ಲ.

ಅಪಾಯದ ಮಾತಿಗೆ ಅಳತೆ ಕೊಡಿ

ವಿಕಿರಣ ಎಂಬ ಶಬ್ದ ಕೇಳಿದೊಡನೆ ಎಷ್ಟು ಎಂದು ಕೇಳಿ. ದೇಹಕ್ಕೆ ತಗಲುವ ಪ್ರಮಾಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಸಹಜವಾಗಿ ಬರುವುದು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4, ಸ್ಥಾವರಗಳಿಂದ ಸಾರ್ವಜನಿಕರಿಗೆ ಹೆಚ್ಚುವರಿಯಾಗಿ ತಗಲಬಹುದಾದ ಮಿತಿ ವರ್ಷಕ್ಕೆ 1, ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿನಲ್ಲಿ ಹತ್ತರ ಆಸುಪಾಸು. ಹೀಗಾಗಿ ಸರಿಯಾಗಿ ನಡೆಯುತ್ತಿರುವ ಸ್ಥಾವರದ ನೆರೆಯಲ್ಲಿರುವುದಕ್ಕಿಂತ, ಅಗತ್ಯವಿಲ್ಲದೆ ಪದೇ ಪದೇ ಸ್ಕ್ಯಾನ್ ಮಾಡಿಸಿಕೊಳ್ಳುವುದರ ಬಗ್ಗೆ ಹೆಚ್ಚು ಯೋಚಿಸಬೇಕು.

ಸರಿಯಾಗಿ ನಡೆಯದಾಗಿನ ಮಾತು ಬೇರೆ. 1986ರ ಚೆರ್ನೋಬಿಲ್‌ನಲ್ಲಿ ಮೊದಲ ಕೆಲವು ತಿಂಗಳಲ್ಲಿ ಸತ್ತವರು ಸುಮಾರು ಮೂವತ್ತು ಮಂದಿ, ಆದರೆ ಅಯೋಡಿನ್ ಬೆರೆತ ಹಾಲು ಕುಡಿದ ಮಕ್ಕಳಲ್ಲಿ ಮುಂದೆ ಸಾವಿರಾರು ಥೈರಾಯ್ಡ್ ಕ್ಯಾನ್ಸರುಗಳು ಕಂಡುಬಂದವು. 2011ರ ಫುಕುಶಿಮಾದಲ್ಲಿ ವಿಕಿರಣಕ್ಕಿಂತ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಅವಸರದ ಸ್ಥಳಾಂತರವೇ ಮುದುಕರನ್ನೂ ರೋಗಿಗಳನ್ನೂ ಹೆಚ್ಚಾಗಿ ಬಲಿ ತೆಗೆದುಕೊಂಡಿತು. ನಮ್ಮಲ್ಲಿಯೂ ಎಚ್ಚರಿಸುವ ಘಟನೆಗಳಿವೆ: 1994ರ ಮೇ 13ರಂದು ಕಟ್ಟುತ್ತಿದ್ದ ಹಂತದಲ್ಲೇ ಕೈಗಾದ ಗುಮ್ಮಟದ ಒಳಭಾಗ ಕುಸಿಯಿತು, 2009ರಲ್ಲಿ ಅಲ್ಲಿಯೇ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಇದ್ದ ಭಾರಜಲ ಬೆರೆಸಿ ಐವತ್ತಕ್ಕೂ ಹೆಚ್ಚು ಸಿಬ್ಬಂದಿಗೆ ಅದು ಸೇರಿತು. ಒಂದು ಕಾಂಕ್ರೀಟಿನ ದೋಷ, ಇನ್ನೊಂದು ಮನುಷ್ಯನ ಕೇಡು. ರಿಯಾಕ್ಟರಿನ ಭೌತವಿಜ್ಞಾನಕ್ಕೂ ಇವೆರಡಕ್ಕೂ ಸಂಬಂಧವಿಲ್ಲದಿರುವುದನ್ನು ಗಮನಿಸಿ. ಆದ್ದರಿಂದಲೇ ಮೇಲ್ವಿಚಾರಣೆಯ ಪ್ರಶ್ನೆ ದೊಡ್ಡದು: ಅಣುಶಕ್ತಿನಗರದಲ್ಲಿ ಕಚೇರಿಯಿರುವ ನಿಯಂತ್ರಣ ಮಂಡಳಿಗೆ ಸಾಕಷ್ಟು ಶಾಸನಬದ್ಧ ಸ್ವಾತಂತ್ರ್ಯವಿಲ್ಲವೆಂದು ಮಹಾಲೇಖಪಾಲರ 2012ರ ವರದಿಯೇ ಟೀಕಿಸಿತ್ತು.

ತ್ಯಾಜ್ಯದ ವಿಚಾರದಲ್ಲಿ ಹತ್ತು ಅರ್ಧಾಯುಷ್ಯದ ಸೂತ್ರವನ್ನು ಮತ್ತೆ ಬಳಸಿ. ಸೀಸಿಯಂ 137ಕ್ಕೆ ಅದು 300 ವರ್ಷ, ಪ್ಲುಟೋನಿಯಂ 239ಕ್ಕೆ ಎರಡು ಲಕ್ಷದ ನಲವತ್ತು ಸಾವಿರ ವರ್ಷ. ಭಾರತದಲ್ಲಿ ಬಳಸಿದ ಇಂಧನವನ್ನು ಮರುಸಂಸ್ಕರಿಸಿ ಪ್ಲುಟೋನಿಯಂ ಬೇರ್ಪಡಿಸುತ್ತಾರೆ, ಉಳಿದ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಕರಗಿಸಿ ಘನಗೊಳಿಸುತ್ತಾರೆ. ಟ್ರಾಂಬೆಯಲ್ಲಿ ಆ ತ್ಯಾಜ್ಯದಿಂದ ತೆಗೆದ ಸೀಸಿಯಂ ರಕ್ತನಿಧಿಗಳ ಯಂತ್ರಗಳಿಗೂ ಹೋಗುತ್ತದೆ. ಕಸದಿಂದ ರಸ ಎಂದರೆ ಇದೇ ಇರಬೇಕು. ಆದರೆ ಕೊನೆಯದಾಗಿ ಹೂಳುವ ಆಳದ ಭೂಗರ್ಭ ಉಗ್ರಾಣ ನಮ್ಮಲ್ಲಿ ಇನ್ನೂ ಇಲ್ಲ.

ಸ್ಥಳೀಯರ ಖಾತೆಯನ್ನು ತೆರೆಯಿರಿ

ಬೋಯಿಸರ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೋದರೆ ತಾರಾಪುರ ಸ್ಥಾವರ. ಅದರ ಮೂರು ಮತ್ತು ನಾಲ್ಕನೆಯ ಘಟಕಗಳಿಗಾಗಿ ಅಕ್ಕರಪಟ್ಟಿ, ಪೋಫರಣ್ ಹಳ್ಳಿಗಳು ಎದ್ದುಹೋದವು. ಕಡಲನ್ನೇ ನಂಬಿದ್ದ ಮೀನುಗಾರರ ಪುನರ್ವಸತಿಯ ತಕರಾರು ವರ್ಷಗಟ್ಟಲೆ ಎಳೆಯಿತು. ಜೈತಾಪುರದ ಮಾಡಬನದಲ್ಲಿ ಮಾವಿನ ತೋಟದವರು ಮತ್ತು ಮೀನುಗಾರರು ಭೂಮಿಗೂ, ಸಮುದ್ರಕ್ಕೆ ಬಿಡುವ ಬಿಸಿನೀರಿಗೂ ಹೆದರಿ ನಡೆಸಿದ ಹೋರಾಟದಲ್ಲಿ 2011ರ ಏಪ್ರಿಲಿನಲ್ಲಿ ಪೊಲೀಸ್ ಗುಂಡಿಗೆ ಒಬ್ಬರು ಬಲಿಯಾದರು. ಮುಂಬಯಿಯಲ್ಲಿ ಸ್ವಿಚ್ ಒತ್ತುವವರಿಗೆ ಈ ವೆಚ್ಚ ಬಿಲ್ಲಿನಲ್ಲಿ ಕಾಣುವುದಿಲ್ಲ. ಗೋಷ್ಠಿಯಲ್ಲಿ ಮಾತನಾಡುವವರು ಯೂನಿಟ್ಟಿನ ದರ ಹೇಳಿದ ಮೇಲೆ ಪರಿಹಾರ ಯಾರಿಗೆ ಎಷ್ಟು ಸಿಕ್ಕಿತು, ಉದ್ಯೋಗ ಎಷ್ಟು ಸ್ಥಳೀಯರಿಗೆ ದೊರಕಿತು ಎಂಬುದನ್ನೂ ಹೇಳಲೇಬೇಕು. 2010ರ ಹೊಣೆಗಾರಿಕೆ ಕಾಯ್ದೆ ಸ್ಥಾವರ ನಡೆಸುವವರ ಹೊಣೆಗೆ 1500 ಕೋಟಿ ರೂಪಾಯಿಯ ಮಿತಿ ಹಾಕಿತ್ತು. ಚರ್ಚೆಗೆ ಹೋಗುವ ಮುನ್ನ ಸದ್ಯ ಜಾರಿಯಲ್ಲಿರುವ ಕಾನೂನಿನ ಪಠ್ಯವನ್ನು ಓದಿಕೊಳ್ಳಿ.

ಊರಿನ ಮನೆ ಸ್ಥಾವರದಿಂದ 16 ಕಿಲೋಮೀಟರಿನೊಳಗೆ ಇದ್ದರೆ ಅದು ತುರ್ತು ಯೋಜನಾ ವಲಯಕ್ಕೆ ಸೇರುತ್ತದೆ. ಅಂಥವರು ಜಿಲ್ಲಾಡಳಿತದ ಅಣಕು ಕಾರ್ಯಾಚರಣೆ ಕೊನೆಯ ಬಾರಿ ಯಾವಾಗ ನಡೆಯಿತು, ತಮ್ಮ ಹಳ್ಳಿಯವರು ಸೇರಬೇಕಾದ ಜಾಗ ಯಾವುದು, ಅಯೋಡಿನ್ ಮಾತ್ರೆಗಳ ದಾಸ್ತಾನು ಎಲ್ಲಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಸ್ಥಾವರದ ಪರಿಸರ ಪ್ರಯೋಗಾಲಯ ಸುತ್ತಲಿನ ನೀರು, ಹಾಲು, ಮೀನು, ತರಕಾರಿಗಳನ್ನು ಪರೀಕ್ಷಿಸುತ್ತದೆ. ಆ ಫಲಿತಾಂಶಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳುವಾಗ ವರ್ಷ, ಮಾದರಿ ತೆಗೆದ ಊರು, ವಸ್ತು ಮೂರನ್ನೂ ನಮೂದಿಸಿ, ಇಲ್ಲದಿದ್ದರೆ ಎಲ್ಲವೂ ಮಿತಿಯೊಳಗಿದೆ ಎಂಬ ಒಂದೇ ಸಾಲಿನ ಉತ್ತರ ಬರಬಹುದು. ಅಯೋಡಿನ್ ಮಾತ್ರೆ ಥೈರಾಯ್ಡನ್ನು ಮಾತ್ರ ಕಾಯುತ್ತದೆ, ಸೀಸಿಯಂ ಮುಂತಾದವುಗಳ ಮೇಲೆ ಅದು ನಡೆಯದು. ಆದ್ದರಿಂದ ಅಧಿಕಾರಿಗಳು ಹೇಳುವ ಮೊದಲು ಅದನ್ನು ನುಂಗಬಾರದು, ಮನೆಯೊಳಗಿದ್ದು ಕಿಟಕಿ ಬಾಗಿಲು ಮುಚ್ಚಿಕೊಳ್ಳಿ ಎಂಬ ಸೂಚನೆ ಬಂದಾಗ ಮಾತ್ರೆ ನುಂಗಿದ್ದೇನೆಂಬ ಧೈರ್ಯದಲ್ಲಿ ಹೊರಗೆ ತಿರುಗಲೂಬಾರದು.